ಖಾಲಿ ಮೊಳೆ

ಗಂಜಿಯ ಬಟ್ಟಲಿನ ಪಕ್ಕದಲ್ಲಿ ಬಲಗೈಯನ್ನು ಚಾಚಿಟ್ಟುಕೊಂಡು ಬುನ್‌ಹೈ ಅದನ್ನೇ ನೋಡುತ್ತ ಕೂತಿದ್ದ. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಸೀಸದ ಕಪ್ಪು ಮೂವತ್ತೆರಡು ವರ್ಷಗಳಿಂದ ಕೂತಿತ್ತು, ಯಾವ ಸಾಬೂನಿಗೂ ಜಗ್ಗುವಂಥದ್ದಲ್ಲ. ಅಚ್ಚುಕೂಟದಲ್ಲಿ ಈ ಕೈ ಎಂದೂ ಅವನನ್ನು ಕೇಳಿ ಕೆಲಸ ಮಾಡಿದ್ದಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ ಇಳಿಯುತ್ತಿದ್ದ ಹಾಗೆ ಅದು ತನ್ನ ಪಾಡಿಗೆ ತಾನು ಗೂಡಿನಿಂದ ಗೂಡಿಗೆ ಹೋಗಿ, ಸಾವಿರಾರು ಅಕ್ಷರಗಳ ನಡುವೆ ಬೇಕಾದ ಸೀಸದ ಅಚ್ಚುಮೊಳೆಯನ್ನೇ ಹೆಕ್ಕಿ, ಎಡಗೈಯಲ್ಲಿ ಹಿಡಿದ ಮರದ ತಟ್ಟೆಗೆ ಹಾಕುತ್ತಿತ್ತು. ಅಷ್ಟು ಹೊತ್ತು ಅವನು ಹಲ್ಲುನೋವಿನ ಬಗ್ಗೆಯೋ ಸೋರುವ ಅಡುಗೆಮನೆಯ ಬಗ್ಗೆಯೋ ಯೋಚಿಸುತ್ತಿರುತ್ತಿದ್ದ. ಅದನ್ನೇ ಅವನು ಇಷ್ಟು ದಿನ ಕಸುಬಿನ ಹೆಮ್ಮೆ ಅಂದುಕೊಂಡಿದ್ದ. ಹನ್ನೊಂದು ದಿನದಿಂದ ಮಾತ್ರ ಆ ಕೈಯನ್ನು ಕಂಡರೆ ಭಯವಾಗುತ್ತಿತ್ತು. ಗುರುತಿಲ್ಲದ ಯಾರೋ ತನ್ನ ಮನೆಯಲ್ಲಿ ಇಷ್ಟು ವರ್ಷ ಉಂಡು ಮಲಗಿ ಇದ್ದದ್ದು ಈಗ ಗೊತ್ತಾದ ಹಾಗೆ.

"ಏನ್ರೀ, ಕೈ ನೋಡ್ಕೊಂಡಿದ್ರೆ ಹೊಟ್ಟೆ ತುಂಬತ್ತಾ?" ಎಂದಳು ಅವನ ಹೆಂಡತಿ ಆಕುಯಿ. ಗೆಣಸಿನ ಗಂಜಿಯ ಮೇಲೆ ಇನ್ನೊಂದು ಚೂರು ಉಪ್ಪುಸೌತೆ ಹಾಕಿದಳು. "ಮುದ್ರೆ ಇಟ್ಕೊಂಡ್ರಾ?"

"ಇಟ್ಕೊಂಡಿದೀನಿ."

"ಅಲ್ಲಿ ಜಾಸ್ತಿ ಮಾತಾಡಕ್ಕೆ ಹೋಗ್ಬೇಡಿ. ನಿಮಗೆ ಮಾತಾಡಕ್ಕೆ ಬರಲ್ಲ. ಕೇಳಿದ್ದಕ್ಕೆ ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ, ಎದ್ದು ಬನ್ನಿ."

ಅವಳು ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯತೊಡಗಿದಳು. ಆ ಬೆನ್ನು ನಡುಗುತ್ತಿದೆಯೋ ಪಾತ್ರೆ ಉಜ್ಜುವುದಕ್ಕೆ ಅಲ್ಲಾಡುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಸಹಿಗೆ ಬದಲು ಒತ್ತುವ ಹೆಸರಿನ ಮುದ್ರೆಯೊಂದಿಗೆ ಹಾಜರಾಗಬೇಕೆಂದು ಆ ಕಚೇರಿಯಿಂದ ಚೀಟಿ ಬಂದಿತ್ತು. ಯಾವ ಕಚೇರಿ ಎಂದು ತೈಪೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಅಲ್ಲಿ' ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಅವನು ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ತಯಾರಾಗುತ್ತಿದ್ದ ಪತ್ರಿಕೆಯ ಭಾನುವಾರದ ಮಕ್ಕಳ ಪುಟಕ್ಕೆ ವೆಂಗ್ ಮೇಷ್ಟ್ರು ಎಂಬ ನಿವೃತ್ತ ಉಪಾಧ್ಯಾಯರು ವಾರ ವಾರ ಒಂದು ಕಥೆ ಬರೆಯುತ್ತಿದ್ದರು. ಮೂಲದಲ್ಲಿ ಕಥೆ ಅವರದಲ್ಲ. ಗಡಿಯಾರದೊಳಗಿನ ನಾಡಿನ ಆ ಹಳೆಯ ಕಥೆಯನ್ನು ಬುನ್‌ಹೈ ಕೂಡ ಜಪಾನಿಯರ ಕಾಲದ ಶಾಲೆಯಲ್ಲಿ, ಅವರ ಭಾಷೆಯಲ್ಲೇ ಓದಿದ್ದ. ಆರು ವರ್ಷದ ಹುಡುಗಿಯೊಬ್ಬಳು ಗೋಡೆ ಗಡಿಯಾರದ ಬಾಗಿಲು ತೆರೆದು ಒಳಗೆ ಹೋಗುತ್ತಾಳೆ. ಒಳಗೆ ಇಲಿಗಳು ಚಕ್ರ ತಿರುಗಿಸುತ್ತಿರುತ್ತವೆ. ಮುದಿ ಇಲಿರಾಜ ದಿನಾ ನಸುಕಿನಲ್ಲಿ ಎದ್ದು ಕೀಲಿ ಕೊಡುವುದರಿಂದಲೇ ಸೂರ್ಯ ಹುಟ್ಟುತ್ತಾನೆ. ಮಕ್ಕಳಿಗೆ ಇಷ್ಟವಾಗುವ ಕಥೆ, ಕೊನೆಯಲ್ಲಿ ಸಿಹಿ ಹಂಚುತ್ತಾರೆ. ವೆಂಗ್ ಮೇಷ್ಟ್ರು ಅದನ್ನು ಸ್ವಲ್ಪ ತಿರುಗಿಸಿದರು. ಅವರ ಕಥೆಯಲ್ಲಿ ಗಡಿಯಾರದ ಮುಖವನ್ನೆಲ್ಲ ಬೆಕ್ಕುಗಳು ಗೆದ್ದುಕೊಂಡಿವೆ. ಇಲಿರಾಜ ತನ್ನ ಪರಿವಾರವನ್ನು ಕಟ್ಟಿಕೊಂಡು ಏಳು ಮತ್ತು ಎಂಟರ ನಡುವಿನ ಮೂಲೆಗೆ ಓಡಿಬಂದಿದ್ದಾನೆ. ಬಂದವನೇ ಮುಳ್ಳುಗಳನ್ನು ಹಿಡಿದು ನಿಲ್ಲಿಸಿದ್ದಾನೆ: ನಮ್ಮ ಅಂಕಿಗಳು ನಮಗೆ ವಾಪಸ್ಸು ಸಿಗುವತನಕ ಗಂಟೆ ಹೊಡೆಯುವ ಹಾಗಿಲ್ಲ. ಇಲಿಗಳ ಮೀಸೆ ಬೆಳ್ಳಗಾಗುತ್ತದೆ, ಆದರೆ ಯಾರಿಗೂ ವಯಸ್ಸಾಗಿಲ್ಲವೆಂದು ಡಂಗುರ ಸಾರಲಾಗಿದೆ. ಹುಡುಗಿಯ ಬಿದ್ದ ಹಲ್ಲು ಹುಟ್ಟುವುದಿಲ್ಲ, ಯಾಕೆಂದರೆ ಕಾಲ ನಿಂತಿದೆ. ಪ್ರತಿ ಹೊಸವರ್ಷಕ್ಕೆ ರಾಜ ಲೋಲಕದ ಮೇಲೆ ಹತ್ತಿ, ಪ್ರಜೆಗಳೇ, ಬರುವ ವರ್ಷ ಹನ್ನೆರಡರ ಮೇಲೆ ನಿಂತು ಹಬ್ಬ ಮಾಡೋಣ ಎನ್ನುತ್ತಾನೆ. ಎಲ್ಲ ಇಲಿಗಳೂ ಚಪ್ಪಾಳೆ ತಟ್ಟುತ್ತವೆ.

ಸಮುದ್ರದಾಚೆಯ ದೊಡ್ಡ ನಾಡನ್ನು ಕಳೆದುಕೊಂಡು ಈ ದ್ವೀಪಕ್ಕೆ ಬಂದ ಸರ್ಕಾರ, ಬರುವ ವರ್ಷ ವಾಪಸ್ಸು ಹೋಗುತ್ತೇವೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿತ್ತು. ಆ ಮಾತನ್ನು ಪ್ರತಿ ವರ್ಷ ಮೊದಲ ಪುಟಕ್ಕೆ ಜೋಡಿಸಿದವನು ಬುನ್‌ಹೈ. ಹೀಗಿದ್ದೂ ಐದು ವಾರ ಆ ಇಲಿ ಕಥೆ ಪ್ರಕಟವಾಯಿತು, ಯಾರೂ ಕೆಮ್ಮಲಿಲ್ಲ. ಮಕ್ಕಳು ಇಲಿಗಳ ಚಿತ್ರ ಬರೆದು ಕಳಿಸಿದರು. ದೊಡ್ಡವರು ಓದಿದರೋ, ಓದಿಯೂ ಓದದವರ ಹಾಗಿದ್ದರೋ. ಆರನೆಯ ವಾರ, ರಾಜ ಭಾಷಣ ಮಾಡುವ ಸಾಲಿನಲ್ಲಿ, 'ಇಲಿರಾಜ' ಎಂಬ ಪದದ ತಲೆಯ ಮೇಲೆ ಒಂದು ಅಕ್ಷರದಷ್ಟು ಜಾಗ ಖಾಲಿ ಉಳಿದಿತ್ತು.

ಅಷ್ಟೇ. ಬೇರೆ ಊರಿನವರಿಗೆ ಇದೊಂದು ವಿಷಯವೇ ಅಲ್ಲ. ಆದರೆ ಇಲ್ಲಿ ಮೇಲಿಂದ ಕೆಳಗೆ ಇಳಿಯುವ ಸಾಲಿನಲ್ಲಿ ಅಧ್ಯಕ್ಷರು ಎಂಬ ಪದ ಬಂದಲ್ಲೆಲ್ಲ ಅದರ ತಲೆಯ ಮೇಲೆ ಒಂದು ಅಕ್ಷರದ ಜಾಗ ಬಿಡಲೇಬೇಕು. ಬೇರೆ ಯಾವ ಪದವೂ ಅವರ ತಲೆ ಮುಟ್ಟಬಾರದು, ಅದು ಮರ್ಯಾದೆ. ಶಾಲೆಯ ಮಕ್ಕಳೂ ಪ್ರಬಂಧ ಬರೆಯುವಾಗ ಹಾಗೆ ಬಿಡುತ್ತಾರೆ. ಆ ಜಾಗಕ್ಕೆ ಹಾಕಲು ಅಚ್ಚುಕೂಟದಲ್ಲಿ ಮುಖವಿಲ್ಲದ ಖಾಲಿ ಮೊಳೆಗಳಿರುತ್ತವೆ. ಈ ಗೌರವ ಇಡೀ ನಾಡಿನಲ್ಲಿ ಒಬ್ಬರಿಗೆ ಮಾತ್ರ. ಆ ಭಾನುವಾರ ಒಂದು ಇಲಿಗೂ ಸಿಕ್ಕಿತು. ಕರಡು ತಿದ್ದುವ ಮುದುಕನೂ ಅದನ್ನು ಹಿಡಿಯಲಿಲ್ಲ. ಪಾಪ, ಅವನ ಕಣ್ಣಿಗೆ ರಾಜನ ತಲೆಯ ಮೇಲೆ ಜಾಗವಿರುವುದೇ ಸರಿ ಎನ್ನಿಸಿರಬೇಕು. ಮಂಗಳವಾರ ಯಾರೋ ಓದುಗರು ಪತ್ರಿಕೆಗೊಂದು, 'ಅಲ್ಲಿ'ಗೊಂದು ಕಾಗದ ಹಾಕಿದರು: ಇಲಿಗೆ ಈ ಮರ್ಯಾದೆ ಏಕೆ? ಬುಧವಾರ ಮಧ್ಯಾಹ್ನ ವೆಂಗ್ ಮೇಷ್ಟ್ರನ್ನು ಅವರು ದಿನಾ ಊಟ ಮಾಡುತ್ತಿದ್ದ ಶಾವಿಗೆ ಅಂಗಡಿಯಿಂದ 'ಅಲ್ಲಿ'ಯವರು ಎಬ್ಬಿಸಿಕೊಂಡು ಹೋದರು. ಬಟ್ಟಲಲ್ಲಿ ಅರ್ಧ ಉಳಿದಿತ್ತಂತೆ.

ಬೆಳಿಗ್ಗೆ ಅಚ್ಚುಕೂಟಕ್ಕೆ ಹೋದಾಗ ಎಂದಿನ ಹಾಗೆ ಎಣ್ಣೆ, ಸೀಸ, ಒದ್ದೆ ಕಾಗದದ ವಾಸನೆ ಬಂತು. ಮೊಳೆಗೂಡುಗಳ ಸಾಲುಗಳ ನಡುವೆ ಇಬ್ಬರು ಎದುರಾದರೆ ಭುಜ ಓರೆ ಮಾಡಿಕೊಂಡೇ ದಾಟಬೇಕು, ಅಷ್ಟು ಇಕ್ಕಟ್ಟು. ಹನ್ನೊಂದು ದಿನದಿಂದ ಅವನು ಬರುವುದು ಕಂಡರೆ ಜನ ಆ ಸಾಲನ್ನೇ ಬಿಟ್ಟು ಪಕ್ಕದ ಸಾಲಿನಿಂದ ಸುತ್ತಿ ಬರುತ್ತಿದ್ದರು. ಇವತ್ತು ಸುಯಿಬಿ ಎಂಬ, ನಾಲಿಗೆಗೆ ಮೂಳೆಯಿಲ್ಲದ ಹೆಂಗಸು ಮಾತ್ರ ಎದುರಿಗೇ ಬಂದಳು. "ಹೈಯಣ್ಣ, ನಿಮ್ ಕೈಗೊಂದು ಪದಕ ಕೊಡಿಸ್ಬೇಕು. ಇಲಿಗೂ ಕೂಡ ಬಗ್ಗಿ ನಮಸ್ಕಾರ ಮಾಡತ್ತಲ್ಲ!" ಎಂದಳು. ನಾಲ್ಕು ಜನ ನಕ್ಕರು, ನಕ್ಕ ತಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು. ಅವಳ ಮುಖವೂ ಬಿಳಿಚಿಕೊಂಡಿತು. "ತಮಾಷೆಗಂದೆ ಅಣ್ಣ," ಎಂದು ಪಿಸುಗುಟ್ಟಿ ಭುಜ ಓರೆ ಮಾಡಿ ದಾಟಿದಳು. ನಗು ಅವನಿಗೆ ನೋವಾಗಲಿಲ್ಲ. ಅದು ಅಷ್ಟು ಬೇಗ ನಿಂತದ್ದು ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು.

ನಿಜವಾಗಿಯೂ ಕೆನ್ನೆಗೆ ಹೊಡೆತ ಬಿದ್ದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಬೇರೊಂದು ಅಚ್ಚುಕೂಟದಲ್ಲಿ. ಆಗ ಖಾಲಿ ಜಾಗ ಸಮುದ್ರದ ಉತ್ತರಕ್ಕಿದ್ದ ಜಪಾನಿನ ಚಕ್ರವರ್ತಿಗೆ ಸಲ್ಲುತ್ತಿತ್ತು. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ಬುನ್‌ಹೈ ಒಂದು ಸಾಲಿನಲ್ಲಿ ಅದನ್ನು ಬಿಡದೆ ಜೋಡಿಸಿದ್ದ. ಜಪಾನಿ ಮೇಲ್ವಿಚಾರಕ ಅವನನ್ನು ಎಲ್ಲರೆದುರು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಬಲಗೆನ್ನೆಗೆ ಒಂದು, ಎಡಗೆನ್ನೆಗೆ ಒಂದು ಕೊಟ್ಟ. ಆಮೇಲೆ ಕೈಗೆ ಖಾಲಿ ಮೊಳೆ ಇಟ್ಟು ನೂರು ಸಲ ಇಡಿಸಿದ, ತೆಗೆಸಿದ. ಅವನಿಗೆ ಇಪ್ಪತ್ತೆರಡು ತುಂಬಿದಾಗ ಆ ಚಕ್ರವರ್ತಿ ಸೋತ, ಅವನ ಜನ ಹಡಗು ಹತ್ತಿ ಹೋದರು. ಬೇರೆ ಬಾವುಟ, ಬೇರೆ ಭಾಷೆ, ಬೇರೆ ಪಟ ಬಂತು. ಕೈಗೆ ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಅದೇ ಗೂಡಿನಿಂದ ಅದೇ ಖಾಲಿ ಮೊಳೆ ತೆಗೆದು ಬೇರೆ ಹೆಸರಿನ ಮೇಲೆ ಇಟ್ಟಿತು. ಯಾರಿಗೆ ಎಂದು ಅದು ಕೇಳಲಿಲ್ಲ, ಅವನೂ ಕೇಳಲಿಲ್ಲ. ಹಾಗಾದರೆ ಇಲಿಗೆ ಇಟ್ಟದ್ದು ಯಾರು, ಕೈಯೋ ತಾನೋ? ಆ ಸಾಲು ಜೋಡಿಸುವಾಗ ತನಗೆ ಏನನ್ನಿಸಿತ್ತು ಎಂದು ಅವನು ಹನ್ನೊಂದು ದಿನದಿಂದ ನೆನಪು ಕೆದಕುತ್ತಿದ್ದ. ಪ್ರಜೆಗಳೇ, ಬರುವ ವರ್ಷ. ಎದೆಯಲ್ಲಿ ಏನೋ ಸಣ್ಣಗೆ ನಕ್ಕ ಹಾಗೆ ನೆನಪು. ಇಲ್ಲ, ಆಗ ನಕ್ಕಿರಲಿಲ್ಲ, ಆಮೇಲೆ ತಾನೇ ನಗುವನ್ನು ಅಲ್ಲಿ ತಂದಿಟ್ಟಿರಬೇಕು. ಯಾವುದೆಂದು ತೀರ್ಮಾನವಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಧಣಿ ಗಾನ್ ಅವನನ್ನು ಕಾಗದದ ಉರುಳೆಗಳ ಹಿಂದೆ ಕರೆದ. ಗಾನ್ ದಪ್ಪ ಮನುಷ್ಯ, ಬೆವರು ಒರೆಸುವ ಬಟ್ಟೆ ಯಾವಾಗಲೂ ಕತ್ತಿನಲ್ಲಿ.

"ನೋಡು, ಕೇಳಿಸ್ಕೋ. ಆ ಕಥೆ ತುಂಬ ಇಲಿ, ಇಲಿ, ಇಲಿ. ನಮ್ಮ ಗೂಡಲ್ಲಿ ಇರೋ ಇಲಿ ಮೊಳೆ ಎಷ್ಟು? ಐವತ್ತು. ಮುಗಿದೋಯ್ತು. ನೀನು ಜಾಗ ಹಿಡ್ಕೊಳಕ್ಕೆ ಒಂದು ಖಾಲಿ ಇಟ್ಟೆ. ಆಮೇಲೆ ಇಲಿ ಸಿಕ್ತು, ಅದರ ಕೆಳಗೆ ತುರುಕಿದೆ, ಖಾಲಿ ತೆಗೆಯಕ್ಕೆ ಮರೆತೆ. ಇಷ್ಟೇ. ನಾನು ಬೆಳಿಗ್ಗೆ ಫೋನಲ್ಲಿ ಹೇಳಿಯಾಗಿದೆ."

"ಮುಗಿದಿರ್ಲಿಲ್ಲ ಧಣಿ. ಇನ್ನೂ ಒಂದು ಹಿಡಿ ಇತ್ತು."

"ಇತ್ತು ಅಂತ ನಿಂಗೊತ್ತು, ನಂಗೊತ್ತು. ಅವರೇನು ಎಣಿಸಕ್ಕೆ ಬರ್ತಾರಾ?"

"ಖಾಲಿ ತೆಗೆಯಕ್ಕೆ ಮರೆಯೋದು ಹೊಸ ಹುಡುಗ್ರು ಮಾಡೋ ತಪ್ಪು. ನಾನು ಮೂವತ್ತೆರಡು ವರ್ಷ..."

"ಅಯ್ಯೋ ನಿನ್ನ!" ಗಾನ್ ಬಟ್ಟೆಯಿಂದ ಮುಖ ಒತ್ತಿಕೊಂಡ. "ನಾಲ್ಕು ದಿನ ಹೊಸ ಹುಡುಗ ಆಗು ಮಾರಾಯ. ನಿನ್ನ ಮರ್ಯಾದೆ ಹೋದ್ರೆ ಹೋಗ್ಲಿ. ಮೂವತ್ತು ಜನರ ಅನ್ನ ಇದೆ ಇಲ್ಲಿ."

ಗಾನ್ ಹೇಳಿದ್ದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಬುನ್‌ಹೈಗೆ ಒಂದು ಮಾತು ಚುಚ್ಚುತ್ತಿತ್ತು. ಧಣಿ ಅಚ್ಚುಕೂಟದ ಹೆಸರು ಹೇಳಿದ, ಮೂವತ್ತು ಜನರ ಅನ್ನ ಎಂದ. ವೆಂಗ್ ಮೇಷ್ಟ್ರ ಹೆಸರು ಒಂದು ಸಲವೂ ಎತ್ತಲಿಲ್ಲ. ಪ್ರತಿ ಗುರುವಾರ ಮೇಷ್ಟ್ರು ತಾವೇ ಹಸ್ತಪ್ರತಿ ತಂದುಕೊಡುತ್ತಿದ್ದರು. ಅಂಚೆಯಲ್ಲಿ ಹಾಕಬಹುದಿತ್ತು, ಆದರೆ ತಮ್ಮ ಅಕ್ಷರ ಸೀಸವಾಗುವುದನ್ನು ನೋಡಬೇಕೆಂಬ ಹುಚ್ಚು. ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ ತರುತ್ತಿದ್ದರು. ಅವರ ಊರು ಸಮುದ್ರದಾಚೆ. ಅವರ ಮಾತು ಇವನಿಗೆ ಮುಕ್ಕಾಲು ತಿಳಿಯುತ್ತಿತ್ತು, ಇವನ ಮಾತು ಅವರಿಗೆ ಕಾಲು. ಉಳಿದದ್ದಕ್ಕೆ ಕಡಲೆಕಾಯಿ ಬಿಡಿಸುತ್ತಿದ್ದರು. ಅಚ್ಚುಕೂಟಕ್ಕೆ ಬರುವ ಎಷ್ಟೋ ಬರಹಗಾರರಲ್ಲಿ ಇವನ ಹೆಸರು ಕೇಳಿದವರು ಅವರೊಬ್ಬರೇ. "ಬುನ್‌ಹೈ ಅವರೇ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿರತ್ತೆ. ನಿಮ್ಮ ಕೈ ದಾಟಿದ ಮೇಲೆ ಮನುಷ್ಯರು ಬರೆದ ಹಾಗೆ ಕಾಣತ್ತೆ," ಎಂದಿದ್ದರು ಒಮ್ಮೆ. ಆ ದಿನ ಅವನು ಮನೆಗೆ ಹೋಗಿ ಆಕುಯಿಗೆ ಆ ಮಾತನ್ನು ಎರಡು ಸಲ ಹೇಳಿದ್ದ.

ಇನ್ನೊಂದು ಗುರುವಾರ, ಅದು ನಾಲ್ಕನೆಯ ಕಂತಿರಬೇಕು, ಮಳೆ ಹಿಡಿದು ಮೇಷ್ಟ್ರು ಹೊರಡಲಾಗದೆ ಗೂಡುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬುನ್‌ಹೈ ಸುಮ್ಮನೆ ಕೇಳಬೇಕೆಂದು ಕೇಳಿದ: "ಮೇಷ್ಟ್ರೇ, ಆ ಹುಡುಗಿ ಗಡಿಯಾರದಿಂದ ಯಾವಾಗ ಆಚೆ ಬರ್ತಾಳೆ?" ಮೇಷ್ಟ್ರು ತುಂಬ ಹೊತ್ತು ಸಿಪ್ಪೆ ಬಿಡಿಸಿದರು. ಸಮುದ್ರದಾಚೆಯ ಊರಿನಲ್ಲಿ ತಮಗೊಬ್ಬಳು ಮಗಳಿದ್ದಳು ಎಂದರು. ಬಂದರಿನಲ್ಲಿ ಕೈ ತಪ್ಪಿದಾಗ ಅವಳಿಗೆ ಆರು, ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. "ಈಗ ಇಪ್ಪತ್ತಾರು ಆಗಿರ್ಬೇಕು. ಆದ್ರೆ ಇಪ್ಪತ್ತಾರರ ಮುಖ ನನಗೆ ಗೊತ್ತಿಲ್ವಲ್ಲ. ಆ ಮುದಿ ಇಲೀನ ನಾನು ಬೈತಾ ಇರ್ತೀನಿ, ಹೌದು. ಆದ್ರೆ ಅವನು ಗಡಿಯಾರ ಓಡಿಸಿಬಿಟ್ರೆ ನನ್ನ ಮಗು ಎಲ್ಲಿ ಹೋಗ್ತಾಳೆ ಹೇಳಿ?" ಆ ಮಾತಿನಲ್ಲಿ ರಾಜಕೀಯ ಎಷ್ಟು, ಮುದುಕನ ಸಂಕಟ ಎಷ್ಟು ಎಂದು ಅಂದು ಅವನು ತೂಗಿ ನೋಡಿರಲಿಲ್ಲ. ಈಗ ಬಸ್ಸಿನ ಕಂಬಿ ಹಿಡಿದುಕೊಂಡು ತೂಗಿದ. ಆ ಮನುಷ್ಯ ಅರ್ಧ ಬಟ್ಟಲು ಶಾವಿಗೆ ಬಿಟ್ಟು ಹೋಗಿ ಹನ್ನೊಂದು ದಿನವಾಗಿದೆ, ತಾನು ಒಂದು ಹಿಡಿ ಇಲಿಗಳ ಸುಳ್ಳು ಹೇಳಿ ಹೊಸ ಹುಡುಗನ ಹಾಗೆ ತಲೆ ಕೆರೆದುಕೊಂಡು ಮನೆಗೆ ಬರಬೇಕು. ಛೀ ಎನ್ನಿಸಿತು. ನಾನೇ ಮಾಡಿದ್ದು ಎಂದು ಒಬ್ಬ ಎದೆ ತಟ್ಟಿ ಒಪ್ಪಿಕೊಂಡರೆ ತಾನೆ ಇನ್ನೊಬ್ಬನನ್ನು ಬಿಡುವುದು? ಈ ಯೋಚನೆ ಬಂದ ಮೇಲೆ ಅವನಿಗೆ ಉಸಿರಾಡಲು ಸುಲಭವಾಯಿತು. ಎಷ್ಟೋ ದಿನದ ಮೇಲೆ ಮೈ ಹಗುರವಾಯಿತು, ಕಿಟಕಿಯಾಚೆ ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಕಟ್ಟುತ್ತಿದ್ದ ಬಣ್ಣದ ಕಮಾನುಗಳನ್ನು ನೋಡುತ್ತ ಇಳಿಯುವ ನಿಲ್ದಾಣವನ್ನೇ ದಾಟಿ ಹೋದ. ವಾಪಸ್ಸು ನಡೆದು ಬಂದ.

ಕೋಣೆಯಲ್ಲಿ ಮೇಜು, ಫ್ಯಾನು, ಮುಚ್ಚಳವಿರುವ ಗಾಜಿನ ಲೋಟದಲ್ಲಿ ಚಹಾ ಇತ್ತು. ಹೆದರಿಸುವಂಥದ್ದು ಒಂದೂ ಇರಲಿಲ್ಲ. ಅಧಿಕಾರಿಗೆ ಮೂವತ್ತೈದು ಇರಬಹುದು, ಬಿಳಿ ಅರ್ಧ ತೋಳಿನ ಅಂಗಿ ಹಾಕಿದ್ದ. ಮೂಲೆಯಲ್ಲಿ ಗುಮಾಸ್ತನೊಬ್ಬ ಕಾಗದ ಹರಡಿಕೊಂಡು ಕೂತಿದ್ದ. ಅಧಿಕಾರಿ ಬಾಯಿ ತೆರೆದಾಗ ಬಂದದ್ದು ಬುನ್‌ಹೈನ ಸ್ವಂತ ಭಾಷೆ, ಅವನ ತಾಯಿ ಆಡುತ್ತಿದ್ದದ್ದು. ಅದನ್ನು ಅವನು ನಿರೀಕ್ಷಿಸಿರಲಿಲ್ಲ. ಸಿದ್ಧ ಮಾಡಿಕೊಂಡು ಬಂದಿದ್ದ ಬಿಗಿಯೆಲ್ಲ ಸಡಿಲವಾಯಿತು.

"ಊಟ ಆಯ್ತಾ ಯಜಮಾನ್ರೇ? ಕೂತ್ಕೊಳಿ. ದೂರದಿಂದ ಬಂದಿದೀರಿ, ಚಹಾ ಕುಡೀರಿ." ಆತ ಒಂದು ಹಾಳೆ ಮುಂದೆ ತಳ್ಳಿದ. "ನಿಮ್ಮ ಧಣಿ ಹೇಳಿದ್ನೆಲ್ಲ ಬರ್ಕೊಂಡಿದೀವಿ. ಇಲಿ ಮೊಳೆ ಮುಗಿದಿತ್ತು, ಜಾಗಕ್ಕೆ ಖಾಲಿ ಹಾಕಿದ್ರಿ, ತೆಗೆಯಕ್ಕೆ ಮರೆತ್ರಿ. ಹೌದು ತಾನೆ? ಹೌದಾದ್ರೆ ಇಲ್ಲೊಂದು ಮುದ್ರೆ ಒತ್ತಿ, ಹೊರಡಿ."

ಬುನ್‌ಹೈ ಹಾಳೆ ನೋಡಿದ. ಹೌದು ಎನ್ನಬೇಕು, ಅಷ್ಟೇ. ಜೇಬಿನಿಂದ ಮುದ್ರೆ ತೆಗೆದ, ಒತ್ತಲಿಲ್ಲ.

"ಮೂವತ್ತೆರಡು ವರ್ಷದ ಕೈ ಅಂತಾರೆ," ಅಧಿಕಾರಿ ನಗುತ್ತಲೇ ಅಂದ. "ಇಂಥ ತಪ್ಪು ಕಲಿಯೋ ಹುಡುಗ್ರು ಮಾಡ್ತಾರೆ ಅಂದ್ಕೊಂಡಿದ್ದೆ. ಏನ್ಮಾಡೋದು, ವಯಸ್ಸಾಗತ್ತೆ."

"ಮರೆತಿದ್ದಲ್ಲ ಸ್ವಾಮಿ."

ಮೂಲೆಯ ಗುಮಾಸ್ತ ತಲೆ ಎತ್ತಿದ.

"ಮೊಳೆ ಮುಗಿದಿರ್ಲಿಲ್ಲ. ಖಾಲಿ ಇಟ್ಟಿದ್ದು ನಾನೇ, ನನ್ನ ಕೈಯೇ. ವೆಂಗ್ ಮೇಷ್ಟ್ರು ಬರೆದಿದ್ರಲ್ಲಿ ಅದು ಇರ್ಲಿಲ್ಲ. ಅವರಿಗೆ ಇದ್ರಲ್ಲಿ ಸಂಬಂಧವೇ ಇಲ್ಲ. ಶಿಕ್ಷೆ ಏನಿದ್ರೂ ನಂಗೆ ಕೊಡಿ, ಅವರನ್ನ ಬಿಟ್ಬಿಡಿ." ಇಷ್ಟು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅವನ ಬದುಕಿನಲ್ಲಿ ಅಷ್ಟು ಉದ್ದದ ಮಾತನ್ನು ಅಧಿಕಾರದಲ್ಲಿದ್ದವರೆದುರು ಎಂದೂ ಆಡಿರಲಿಲ್ಲ. ತಾನು ಒಳ್ಳೆಯವನು ಎನ್ನಿಸಿತು. ಎಷ್ಟೋ ಕಾಲದ ಮೇಲೆ ಹಾಗೆ ಅನ್ನಿಸಿತು.

ಅಧಿಕಾರಿ ಧಣಿಯ ಹೇಳಿಕೆಯ ಹಾಳೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಪಾಠ ಒಪ್ಪಿಸುವ ಮಗುವನ್ನು ನೋಡುವ ಮೇಷ್ಟರಂತೆ ಮುಂದಕ್ಕೆ ಬಾಗಿದ.

"ದೊಡ್ಡ ಮನಸ್ಸು ನಿಮ್ದು. ಸರಿ, ನೀವೇ ಇಟ್ರಿ. ಯಾಕೆ ಇಟ್ರಿ?"

"ಗೊತ್ತಿಲ್ಲ ಸ್ವಾಮಿ. ಕೈ ಅಭ್ಯಾಸ."

"ಏನು ಅಭ್ಯಾಸ?"

"ಖಾಲಿ ಇಡೋ ಅಭ್ಯಾಸ."

"ಯಾರ ಹೆಸರಿಗೆ ಇಡ್ತೀರಿ?"

"ಅಧ್ಯಕ್ಷರ ಹೆಸರಿಗೆ."

"ಬೇರೆ ಯಾರಿಗಾದ್ರೂ ಯಾವತ್ತಾದ್ರೂ ಇಟ್ಟಿದ್ದುಂಟಾ? ಮಂತ್ರಿಗೆ? ಜನರಲ್‌ಗೆ? ದೇವ್ರಿಗೆ?"

"ಇಲ್ಲ ಸ್ವಾಮಿ, ಎಲ್ಲಾದ್ರೂ ಉಂಟೇ!" ಕಸುಬಿನ ಪ್ರಶ್ನೆಗೆ ಅವನ ಬಾಯಿಯಿಂದ ಉತ್ತರ ಸಲೀಸಾಗಿ ಬಂತು. "ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ಕಣ್ಣು ಕಟ್ಟಿದ್ರೂ ಕೈ ತಪ್ಪಲ್ಲ."

"ಆ ಪುಟದಲ್ಲಿ ಇಲಿರಾಜ ಅಂತ ಹದಿಮೂರು ಸಲ ಬರತ್ತೆ. ಖಾಲಿ ಇರೋದು ಒಂದೇ ಕಡೆ, ಭಾಷಣ ಮಾಡೋ ಜಾಗದಲ್ಲಿ. ಅಲ್ಲೇ ಯಾಕೆ ಯಜಮಾನ್ರೇ?"

ಹನ್ನೊಂದು ದಿನದಿಂದ ಅವನು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು, ಈಗ ಬೇರೊಬ್ಬರ ಬಾಯಿಂದ, ತಾಯಿಯ ಭಾಷೆಯಲ್ಲಿ. ಉತ್ತರಿಸಲೇಬೇಕೆಂಬ ಒಂದು ಬಗೆಯ ಹಸಿವು ಅವನಿಗೆ. "ಆ ಮಾತು... ಪ್ರತಿ ಹೊಸವರ್ಷಕ್ಕೂ ಜೋಡಿಸ್ತೀನಲ್ಲ ಸ್ವಾಮಿ, ಅದೇ ಧಾಟಿ ಇತ್ತು. ಅದು ಕಿವಿಗೆ ಬಿದ್ದ ಹಾಗಾಗಿ ಕೈ ತಾನಾಗಿ ಹೋಗಿರ್ಬೇಕು."

"ಅಂದ್ರೆ ನಿಮ್ಮ ಕೈಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಆ ಇಲಿ ಯಾರು ಅಂತ."

ಗುಮಾಸ್ತನ ಲೇಖನಿ ಓಡುವ ಸದ್ದು ಅವನಿಗೆ ಈಗ ಕೇಳಿಸಿತು. ಅದು ಆಗಿನಿಂದಲೂ ಓಡುತ್ತಲೇ ಇದ್ದಿರಬೇಕು. ಬುನ್‌ಹೈ ಇಲ್ಲ ಎಂದ. ಹಾಗಲ್ಲ ಸ್ವಾಮಿ, ಹಾಗಲ್ಲ ಎಂದ. ಮೊಳೆ ಮುಗಿದಿತ್ತು, ಧಣಿ ಹೇಳಿದ್ದೇ ನಿಜ, ನನಗೆ ಈಗ ನೆನಪಾಯಿತು ಎಂದ. ತನ್ನ ಕಿವಿಗೇ ಅದು ಎಷ್ಟು ಸುಳ್ಳಾಗಿ ಕೇಳಿಸಿತೆಂದರೆ ಮುಂದಿನ ಮಾತನ್ನು ಅರ್ಧಕ್ಕೇ ನುಂಗಿಕೊಂಡ.

ಅಧಿಕಾರಿ ತಾಳ್ಮೆಯಿಂದ ಚಹಾದ ಮುಚ್ಚಳ ತೆಗೆದು ಊದಿ ಒಂದು ಗುಟುಕು ಕುಡಿದ. ವೆಂಗ್ ಮೇಷ್ಟ್ರ ಮೇಲೆ ಅವನಿಗೆ ದ್ವೇಷವೇನೂ ಇದ್ದಂತೆ ಕಾಣಲಿಲ್ಲ, ಬಹಳ ದಿನದಿಂದ ಹಟಮಾಡುತ್ತಿದ್ದ ಒಂದು ಕೆಲಸ ಇವತ್ತು ಮುಗಿದ ನೆಮ್ಮದಿ ಮಾತ್ರ ಇತ್ತು. "ತಪ್ಪು ತಿಳ್ಕೋಬೇಡಿ ಯಜಮಾನ್ರೇ. ನಮಗೂ ಕಷ್ಟ ಆಗಿತ್ತು. ಮಕ್ಕಳ ಕಥೆ, ಅದರಲ್ಲಿ ಇಲಿ. ಇಲಿ ಅಂದ್ರೆ ಇಲಿ ಅಂತ ಆ ಮೇಷ್ಟ್ರು ಕೂತುಬಿಟ್ರೆ ನಾವೇನು ಮಾಡೋಣ? ಅಧ್ಯಕ್ಷರನ್ನ ಇಲಿ ಅಂತ ಅಂದ್ಕೊಂಡಿದ್ದು ನೀವು ಅಂತ ನಮ್ಮನ್ನೇ ತಿರುಗಿ ಕೇಳಿದ್ರೆ? ಆ ಖಾಲಿ ಜಾಗದ ಬಗ್ಗೆ ಹನ್ನೊಂದು ದಿನದಿಂದ ಅವರನ್ನ ಕೇಳ್ತಿದೀವಿ. ಏನೇ ಮಾಡಿದ್ರೂ ಮುದುಕಂದು ಒಂದೇ ಮಾತು. ನನ್ನ ಕಥೇಲಿ ಇಲಿ ಜಾಸ್ತಿ ಸ್ವಾಮಿ, ಅಚ್ಚುಕೂಟದಲ್ಲಿ ಮೊಳೆ ಮುಗಿದಿರ್ಬೇಕು, ಪಾಪ ಆತ ಒಳ್ಳೇ ಕೆಲಸಗಾರ, ಅವನನ್ನ ಎಳೀಬೇಡಿ ಅಂತ. ನಿಮ್ಮ ಧಣೀನೂ ಅದೇ ಹೇಳ್ದ. ಇವತ್ತು ನೀವೂ ಅದನ್ನೇ ಹೇಳಿದ್ರೆ ಸಂಜೆ ಮುದುಕನ್ನ ಬಿಟ್ಟುಬಿಡೋಣ ಅಂತ ಮೇಲಿನವರು ಅಂದಿದ್ರು." ಆತ ಲೋಟ ಕೆಳಗಿಟ್ಟ. "ಬಟ್ಟೆ ಗಂಟು ಕೂಡ ಕಟ್ಟಿ ಇಟ್ಟಿದ್ವಿ."

ಬುನ್‌ಹೈನ ಬಲಗೈ ಮೇಜಿನ ಮೇಲಿತ್ತು. ಅದು ಈಗ ಸುಮ್ಮನಿತ್ತು, ಅದರ ತಪ್ಪೇನೂ ಇರಲಿಲ್ಲ. ಅದು ಅವತ್ತು ಮಾಡಿದ್ದಕ್ಕೆ ಇನ್ನೂ ಒಂದು ನೆವ ಉಳಿದಿತ್ತು. ಇವತ್ತು ಬಾಯಿ ಮಾಡಿದ್ದಕ್ಕೆ ಯಾವ ನೆವವೂ ಇರಲಿಲ್ಲ. ಯಾರೂ ಹೊಡೆದಿರಲಿಲ್ಲ, ಬೆದರಿಸಿರಲಿಲ್ಲ. ಹೌದು ಎಂಬ ಒಂದು ಮಾತು ಕೇಳಿದ್ದರು. ತಾನು ಒಳ್ಳೆಯವನಾಗಬೇಕೆಂಬ ಆಸೆಗೆ ಆ ಮುದುಕನನ್ನು ಕೊಟ್ಟುಬಿಟ್ಟೆನಲ್ಲ ಎಂದು ಅವನಿಗೆ ಅನ್ನಿಸಿತು.

"ಮೇಷ್ಟ್ರನ್ನ ಏನ್ ಮಾಡ್ತೀರಿ ಸ್ವಾಮಿ?"

"ಅದು ನನ್ನ ಕೈಲಿಲ್ಲ. ನಿಮ್ಮದೇನೂ ಭಯ ಬೇಡ. ನೀವು ಸಾಕ್ಷಿ, ಅಷ್ಟೇ. ಸಂಜೆ ಹೊತ್ತಿಗೆ ಮನೇಲಿರ್ತೀರಿ."

ಗುಮಾಸ್ತ ಮೂರು ಹಾಳೆ ತಂದು ಮುಂದಿಟ್ಟ. ಅಧಿಕಾರಿ ಶಾಯಿಯ ಡಬ್ಬಿಯ ಮುಚ್ಚಳ ತೆರೆದು ಪಕ್ಕಕ್ಕೆ ಸರಿಸಿದ. "ಸಾವಕಾಶವಾಗಿ ಓದಿ. ನಿಮ್ಮ ಕಸುಬೇ ಅದು. ಒಂದಕ್ಷರ ತಪ್ಪಿದ್ರೂ ಹೇಳಿ, ತಪ್ಪಿರೋ ಕಾಗದಕ್ಕೆ ಮುದ್ರೆ ಒತ್ತಿಸ್ಕೊಳೋ ಹಾಗಿಲ್ಲ. ಹರಿದು ಹೊಸದಾಗಿ ಬರೀತೀವಿ."

ಹರಿದು ಹೊಸದಾಗಿ ಎಂಬ ಮಾತನ್ನು ಬುನ್‌ಹೈ ಗಟ್ಟಿಯಾಗಿ ಹಿಡಿದುಕೊಂಡ. ಬೆರಳಿಟ್ಟು, ಮೇಲಿಂದ ಕೆಳಗೆ, ಒಂದೊಂದೇ ಸಾಲು ಇಳಿದ. ಹೆಸರು ಸರಿಯಾಗಿತ್ತು, ವಯಸ್ಸು, ಬೀದಿ, ಮನೆಯ ಸಂಖ್ಯೆ ಸರಿಯಾಗಿದ್ದವು. ತಾನು ಹೇಳಿದ ಒಂದೊಂದು ಮಾತೂ ತಾನು ಹೇಳಿದ ಹಾಗೆಯೇ ಇತ್ತು. ಅಧ್ಯಕ್ಷರು ಎಂಬ ಪದ ಐದು ಕಡೆ ಬಂದಿತ್ತು, ಐದೂ ಕಡೆ ತಲೆಯ ಮೇಲೆ ಜಾಗ ಬಿಟ್ಟಿತ್ತು. ಇಲಿ ಎಂಬ ಪದ ಒಂಬತ್ತು ಕಡೆ, ಎಲ್ಲೂ ಬಿಟ್ಟಿರಲಿಲ್ಲ. ಕೊನೆಗೆ ಬಂದು ಮತ್ತೆ ಮೊದಲ ಹಾಳೆ ತೆಗೆದ. ಅಧಿಕಾರಿ ಅವಸರ ಮಾಡಲಿಲ್ಲ, ಗುಮಾಸ್ತ ಕಿಟಕಿಯಾಚೆ ನೋಡುತ್ತಿದ್ದ. ಮೂರನೆಯ ಸಲ ಅವನು ಅಕ್ಷರಗಳ ಗೆರೆಗಳನ್ನೇ ಒಂದೊಂದಾಗಿ ನೋಡಿದ. ಮೂವತ್ತೆರಡು ವರ್ಷದ ಕಣ್ಣಿನಿಂದ ಒಂದು ತಪ್ಪಿಗಾಗಿ, ಒಂದೇ ಒಂದು ತಪ್ಪಿಗಾಗಿ ಹುಡುಕಿದ. ಗುಮಾಸ್ತ ಒಳ್ಳೆಯ ಕೆಲಸಗಾರ. ಒಂದು ತಪ್ಪೂ ಇರಲಿಲ್ಲ.